ಮಕ್ಕಳ ಅಳುವೂ ಒತ್ತಡದ ಅಂಕಿಯೂ: ಒಂದು ಆಕರ ವಿಮರ್ಶೆ

ಚರಿತ್ರೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಕಲಿಸುವ ಒಂದು ಪಾಠವುಂಟು. ಯಾವುದೊಂದು ಹೇಳಿಕೆಯನ್ನು ಆಧಾರವಾಗಿ ಸ್ವೀಕರಿಸುವ ಮುನ್ನ, ಅದನ್ನು ಹೇಳಿದವರು ಯಾರು, ಎಂಥ ಸ್ಥಿತಿಯಲ್ಲಿ ಹೇಳಿದರು, ಹೇಳುವಾಗ ಅವರ ಮೇಲೆ ಯಾರ ಕೈ ಇದ್ದಿತು ಎಂಬುದನ್ನು ವಿಚಾರಿಸಬೇಕು. ಶಾಸನವಾಗಲಿ, ಪ್ರವಾಸಿಯ ಬರಹವಾಗಲಿ, ನ್ಯಾಯಾಲಯದ ಕಡತವಾಗಲಿ ಈ ಪ್ರಶ್ನೆಗಳಿಗೆ ಒಳಪಡದೆ ಪ್ರಮಾಣವೆನಿಸುವುದಿಲ್ಲ. ಆದರೆ ಅಂಕಿಗಳ ಮುಂದೆ ನಿಂತಾಗ ನಮ್ಮ ಈ ಎಚ್ಚರಿಕೆ ಸಡಿಲವಾಗುತ್ತದೆ. ಯಂತ್ರವು ಹೇಳಿದ ಮಾತಿಗೆ ಪಕ್ಷಪಾತವಿಲ್ಲವೆಂದು ನಾವು ಮೌನವಾಗಿ ಒಪ್ಪಿಬಿಡುತ್ತೇವೆ. ಮಗುವಿನ ದೇಹದೊಳಕ್ಕೆ ಸೂಜಿಯನ್ನೋ ನಳಿಕೆಯನ್ನೋ ತೂರಿಸಿ ಅಳೆಯುವ ಒತ್ತಡದ ಅಂಕಿಯೂ ಒಂದು ಹೇಳಿಕೆಯೇ ಎಂದು ಭಾವಿಸಿ, ಅದನ್ನು ಬೇರೆ ಆಕರಗಳಂತೆಯೇ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ಯಾವ ಮಗುವಿಗೆ ಯಾವ ಚಿಕಿತ್ಸೆ ಯುಕ್ತವೆಂದು ಹೇಳುವ ಅಧಿಕಾರ ನಮಗಿಲ್ಲ. ಸಾಕ್ಷ್ಯವನ್ನು ಹೇಗೆ ಪಡೆಯಲಾಯಿತು ಎಂದು ಕೇಳುವ ಅಧಿಕಾರ ಮಾತ್ರ ನಮ್ಮ ಶಾಸ್ತ್ರಕ್ಕೆ ಉಂಟು.

ಈ ವಿಷಯಕ್ಕೆ ನಮ್ಮ ಗಮನ ತಿರುಗಿದುದು ಗ್ರಂಥಾಲಯದಲ್ಲಿ ಅಲ್ಲ, ಆಸ್ಪತ್ರೆಯೊಂದರ ಹೊರಗಿನ ಬೆಂಚಿನ ಮೇಲೆ. ನಮ್ಮ ಅಕ್ಕನ ಏಳು ವರ್ಷದ ಮಗಳಿಗೆ ಎಡೆಬಿಡದ ತಲೆನೋವು ಬಂದು, ಕಣ್ಣು ಮಂಜಾಗತೊಡಗಿ, ಕಣ್ಣಿನ ನರ ಊದಿಕೊಂಡಿರುವುದನ್ನು ಕಂಡ ನೇತ್ರವೈದ್ಯರು ಬೆನ್ನಿನ ಸೂಜಿ ಪರೀಕ್ಷೆಗೆ ಕಳುಹಿಸಿದರು. ತಾಯಿಯನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದರು. ಮಗುವನ್ನು ಇಬ್ಬರು ಹಿಡಿದಿದ್ದರೆಂದು ಅವಳೇ ಆಮೇಲೆ ಹೇಳಿದಳು. ಹೊರಗಿದ್ದ ನಮಗೆ ಅವಳ ಕೂಗು ಮಾತ್ರ ಕೇಳಿಸಿತು. ಬಂದ ವರದಿಯಲ್ಲಿ ಇದ್ದುದು ಒಂದೇ ಸಾಲು: ಆರಂಭಿಕ ಒತ್ತಡ ೩೧ ಸೆಂಟಿಮೀಟರ್. ಆ ಸಾಲನ್ನು ಓದಿದಾಗ, ಹಳೆಯ ಪೊಲೀಸು ಕಡತಗಳಲ್ಲಿ ಕಂಡ ತಪ್ಪೊಪ್ಪಿಗೆಗಳು ನಮ್ಮ ನೆನಪಿಗೆ ಬಂದವು. ಅವುಗಳಲ್ಲಿಯೂ ಹೇಳಿಕೆ ಇರುತ್ತದೆ, ಹೇಳಿಸಿದ ಬಗೆ ಇರುವುದಿಲ್ಲ.

ವೈದ್ಯಶಾಸ್ತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಬರೆಯುವ ಕ್ರಮದಲ್ಲಿ ಈ ವಿಷಯ ಎರಡು ಬೇರೆ ಬೇರೆ ಅಧ್ಯಾಯಗಳಾಗಿ ಒಡೆದುಹೋಗಿದೆ. ಒಂದು, ಉಪಕರಣಗಳ ಅಧ್ಯಾಯ. ಅದರಲ್ಲಿ ಹೇಲ್ಸ್‌ನ ಗಾಜಿನ ಕೊಳವೆ, ೧೮೨೮ರ ಪ್ವಾಸೇಯ ಪಾದರಸದ ಮಾಪಕ, ೧೮೪೭ರಲ್ಲಿ ಲುಡ್ವಿಗ್ ರಚಿಸಿದ ಸುರುಳಿಯ ಲೇಖನಯಂತ್ರ, ೧೯೨೯ರಲ್ಲಿ ತನ್ನ ತೋಳಿನ ರಕ್ತನಾಳದ ಮೂಲಕ ಹೃದಯಕ್ಕೆ ತಾನೇ ನಳಿಕೆ ತೂರಿಸಿಕೊಂಡ ಫೋರ್ಸ್‌ಮನ್, ಇವರೆಲ್ಲ ಮೆರವಣಿಗೆಯಂತೆ ಸಾಗುತ್ತಾರೆ. ಇನ್ನೊಂದು, ಕರುಣೆಯ ಅಧ್ಯಾಯ. ಅದರಲ್ಲಿ ಮಕ್ಕಳ ವಾರ್ಡು, ತಾಯಂದಿರ ಭೇಟಿಯ ವೇಳೆ, ಆಟಿಕೆ, ದಾದಿಯರ ಸೌಜನ್ಯ ಇವು ಬರುತ್ತವೆ. ಮೊದಲನೆಯದರಲ್ಲಿ ಮಗುವಿಲ್ಲ, ಎರಡನೆಯದರಲ್ಲಿ ಅಂಕಿಯಿಲ್ಲ. ಈ ವಿಭಾಗವೇ ತಪ್ಪೆಂಬುದು ನಮ್ಮ ಮುಖ್ಯ ಆಕ್ಷೇಪ. ಮಗುವಿನ ಸಂಕಟ ಒತ್ತಡಮಾಪನದ ಹೊರಗೆ ನಿಂತ ವಿಷಯವಲ್ಲ; ಅದು ಅಂಕಿಯ ಒಳಗೇ ಸೇರಿಕೊಂಡಿದೆ.

ಇದು ಹೊಸ ಮಾತೇನೂ ಅಲ್ಲ. ಇಂಗ್ಲೆಂಡಿನ ಟೆಡಿಂಗ್ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್ ೧೭೩೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಇದರ ಸುಳಿವು ಇದೆ. ಹೆಣ್ಣುಕುದುರೆಯೊಂದನ್ನು ಅಂಗಾತ ಕಟ್ಟಿಹಾಕಿ, ಅದರ ತೊಡೆಯ ಧಮನಿಗೆ ಹಿತ್ತಾಳೆಯ ಕೊಳವೆಯನ್ನೂ ಅದಕ್ಕೆ ಒಂಬತ್ತು ಅಡಿಯ ಗಾಜಿನ ನಾಳವನ್ನೂ ಜೋಡಿಸಿದಾಗ ರಕ್ತ ಎಂಟು ಅಡಿ ಮೂರು ಅಂಗುಲದವರೆಗೆ ಏರಿತೆಂಬುದು ಎಲ್ಲ ಪಠ್ಯಗಳಲ್ಲಿಯೂ ಬರುವ ಸಂಗತಿ. ಪ್ರಾಣಿಯು ಬಿಡಿಸಿಕೊಳ್ಳಲು ಕೊಸರಾಡಿದಾಗ ರಕ್ತದ ಮಟ್ಟ ಮೇಲೇರುವುದನ್ನೂ ಹೇಲ್ಸ್ ಗುರುತಿಸಿದ್ದನೆಂಬುದನ್ನು ಮಾತ್ರ ಪಠ್ಯಗಳು ಬಿಟ್ಟುಬಿಡುತ್ತವೆ. ಅಳೆಯುವ ಕ್ರಿಯೆಯೇ ಅಳೆಯಲ್ಪಡುವುದನ್ನು ಬದಲಿಸುತ್ತದೆಂಬ ಅರಿವು ಈ ಶಾಸ್ತ್ರದೊಡನೆಯೇ ಹುಟ್ಟಿತು. ಅದು ಬೆಳೆಯಲಿಲ್ಲವೆಂಬುದೇ ವಿಚಾರಣೀಯ.

ಒಂದೂವರೆ ಶತಮಾನದ ಅನಂತರ ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ ಮತ್ತು ಪೆಲ್ಲಕಾನಿ ಎಂಬ ಶರೀರಕ್ರಿಯಾಶಾಸ್ತ್ರಜ್ಞರು ಮೂತ್ರಕೋಶದ ಮೇಲೆ ನಡೆಸಿದ ಪ್ರಯೋಗಗಳು ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಗಮನಾರ್ಹ ಘಟ್ಟ. ೧೮೮೨ರಲ್ಲಿ ಪ್ರಕಟವಾದ ಆ ಲೇಖನದಲ್ಲಿ, ನಾಯಿಗಳಲ್ಲಿಯೂ ಸ್ತ್ರೀಯರಲ್ಲಿಯೂ, ಹೊರಗಿನಿಂದ ಸುಮ್ಮನೆ ಮುಟ್ಟಿದರೂ ಮಾತನಾಡಿಸಿದರೂ ಮೂತ್ರಕೋಶ ಸಂಕುಚಿಸುವುದೆಂದು ಅವರು ತೋರಿಸಿದರು. ಬೆಳಕಿಗೂ ಭಾವಕ್ಕೂ ಒಡನೆ ಸ್ಪಂದಿಸುವ ಕಣ್ಣಿನ ಪಾಪೆಯಷ್ಟೇ ಈ ಅಂಗವೂ ಸೂಕ್ಷ್ಮವೆಂಬುದು ಅವರ ಅಭಿಪ್ರಾಯ. ಇದೇ ಮೊಸ್ಸೊ ಎರಡು ವರ್ಷಗಳ ಅನಂತರ ಭಯವನ್ನು ಕುರಿತೇ ಒಂದು ಪುಸ್ತಕ ಬರೆದನು. ಮನಶ್ಶಾಸ್ತ್ರದವರು ಈ ಪ್ರಯೋಗವನ್ನು ನೆನಪಿನಲ್ಲಿಟ್ಟುಕೊಂಡರು. ವಿಲಿಯಂ ಜೇಮ್ಸ್ ತನ್ನ ಬೃಹದ್ಗ್ರಂಥದಲ್ಲಿ ಅದನ್ನು ಉಲ್ಲೇಖಿಸಿದನು. ಇದನ್ನು ಮುಖ್ಯವಾಗಿ ನೆನಪಿಡಬೇಕಾಗಿದ್ದವರು ಅಂಗದ ಒತ್ತಡವನ್ನು ಅಳೆಯುವವರಾಗಿದ್ದರು.

ಮೂತ್ರಕೋಶದ ಮಾತನ್ನು ಇನ್ನಷ್ಟು ವಿಸ್ತರಿಸುವುದು ಅಗತ್ಯ, ಏಕೆಂದರೆ ಮಕ್ಕಳ ವಿಷಯದಲ್ಲಿ ಇಲ್ಲಿನ ಅಂಕಿಗೆ ಬಹಳ ಬೆಲೆಯುಂಟು. ಬೆನ್ನುಮೂಳೆ ಪೂರ್ತಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಕ್ಕಳಲ್ಲಿ ಮೂತ್ರಕೋಶದ ನರಗಳು ಕೆಟ್ಟಿರುತ್ತವೆ. ೧೯೮೧ರಲ್ಲಿ ಮೆಗ್ವಾಯರ್ ಮತ್ತು ಸಂಗಡಿಗರು ಇಂಥ ೪೨ ಮಂದಿ ರೋಗಿಗಳನ್ನು ಪರಿಶೀಲಿಸಿ, ೪೦ ಸೆಂಟಿಮೀಟರ್ ನೀರಿನ ಒತ್ತಡವನ್ನು ಮೀರಿದ ಮೇಲೆ ಮಾತ್ರ ಮೂತ್ರ ಸೋರುವವರ ಮೂತ್ರಪಿಂಡಗಳಿಗೆ ಅಪಾಯ ಹೆಚ್ಚೆಂದು ತೋರಿಸಿದರು. ಅಂದಿನಿಂದ ನಲವತ್ತು ಎಂಬ ಸಂಖ್ಯೆ ಒಂದು ಗಡಿಕಲ್ಲಾಗಿದೆ. ಅದರ ಆಚೆ ಈಚೆ ನೋಡಿ ಔಷಧಿ, ದಿನವೂ ನಳಿಕೆಯಿಂದ ಮೂತ್ರ ತೆಗೆಯುವ ಕ್ರಮ, ಕೆಲವೊಮ್ಮೆ ಶಸ್ತ್ರಕ್ರಿಯೆ ಇವು ನಿರ್ಧಾರವಾಗುತ್ತವೆ. ಹೀಗಿರುವಾಗ ಆ ಸಂಖ್ಯೆ ಹೇಗೆ ಬಂತೆಂದು ಕೇಳುವುದು ಕುತೂಹಲಕ್ಕಾಗಿ ಕೇಳುವ ಪ್ರಶ್ನೆಯಾಗದು.

ಪರೀಕ್ಷೆಯ ವಿಧಾನ ಹೀಗೆ. ಮೂತ್ರನಾಳದ ಮೂಲಕ ತೆಳ್ಳಗಿನ ನಳಿಕೆಯೊಂದನ್ನು ಮೂತ್ರಕೋಶಕ್ಕೆ ಹಾಕಿ ನಿಧಾನವಾಗಿ ನೀರು ತುಂಬುತ್ತಾರೆ. ಒಳಗಿನ ಒತ್ತಡವನ್ನು ಯಂತ್ರ ಗೆರೆಯಾಗಿ ಬರೆಯುತ್ತದೆ. ಮಗು ಅತ್ತರೆ, ಕೆಮ್ಮಿದರೆ, ಹೊಟ್ಟೆ ಬಿಗಿಹಿಡಿದರೆ ಹೊಟ್ಟೆಯ ಒತ್ತಡವೂ ಆ ಗೆರೆಯಲ್ಲಿ ಸೇರುತ್ತದೆ. ಅದನ್ನು ಬೇರ್ಪಡಿಸಲು ಇನ್ನೊಂದು ನಳಿಕೆಯನ್ನು ಗುದನಾಳದಲ್ಲಿಟ್ಟು ಹೊಟ್ಟೆಯ ಒತ್ತಡವನ್ನು ಪ್ರತ್ಯೇಕವಾಗಿ ಅಳೆದು, ಮೊದಲನೆಯದರಿಂದ ಕಳೆಯುತ್ತಾರೆ. ಈ ವ್ಯವಸ್ಥೆಯನ್ನು ಚರಿತ್ರಕಾರನ ಕಣ್ಣಿನಿಂದ ನೋಡಬೇಕು. ಮಗುವಿನ ಅಳುವನ್ನು ಲೆಕ್ಕದಿಂದ ತೆಗೆಯುವುದಕ್ಕಾಗಿ ಮಗುವನ್ನು ಅಳಿಸಬಲ್ಲ ಎರಡನೆಯ ನಳಿಕೆಯೊಂದನ್ನು ಹಾಕಲಾಗುತ್ತದೆ! ಇದನ್ನು ನಾವು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ತಂತ್ರದ ದೃಷ್ಟಿಯಿಂದ ಈ ವ್ಯವಕಲನ ಯುಕ್ತವೇ ಸರಿ, ಹೊಟ್ಟೆಯ ತಳ್ಳುವಿಕೆ ಅದರಿಂದ ನಿಜವಾಗಿಯೂ ಕಳೆದುಹೋಗುತ್ತದೆ. ಆದರೆ ಮೊಸ್ಸೊ ತೋರಿಸಿದ್ದೇನು? ಬಾಹ್ಯ ಪ್ರಚೋದನೆಗೆ ಹೊಟ್ಟೆಯಲ್ಲ, ಮೂತ್ರಕೋಶವೇ ಸಂಕುಚಿಸುತ್ತದೆಂದು. ಅಂಥ ಸಂಕೋಚ ಮೊದಲನೆಯ ನಳಿಕೆಯಲ್ಲಿ ಮಾತ್ರ ಕಾಣುತ್ತದೆ, ಎರಡನೆಯದರಲ್ಲಿ ಕಾಣುವುದಿಲ್ಲ. ಎಂದಮೇಲೆ ಅದು ವ್ಯವಕಲನದಲ್ಲಿ ಕಳೆಯದೆ, ರೋಗದ ಲಕ್ಷಣವೆಂಬಂತೆ ಉಳಿಯಬಲ್ಲದು. ನರಗಳೇ ಕಡಿದಿರುವ ಮಗುವಿನಲ್ಲಿ ಈ ದಾರಿ ಭಾಗಶಃ ಮುಚ್ಚಿರಬಹುದೆಂಬುದನ್ನು ಒಪ್ಪೋಣ. ಆದರೆ ಈ ಪರೀಕ್ಷೆಗೆ ಬರುವ ಮಕ್ಕಳೆಲ್ಲರೂ ಅಂಥವರಲ್ಲ. ನರಗಳು ನೆಟ್ಟಗಿರುವ ಮಗು ಅಪರಿಚಿತರ ನಡುವೆ, ಬಟ್ಟೆ ಕಳಚಿ, ನಳಿಕೆಯನ್ನು ಇಟ್ಟುಕೊಂಡು ಮೂತ್ರಮಾಡೆಂದರೆ ಕೆಳಗಿನ ಸ್ನಾಯುವನ್ನು ಬಿಗಿಹಿಡಿಯುತ್ತದೆ. ಆಗ ಗೆರೆಯಲ್ಲಿ ಕಾಣುವುದು ಮೂತ್ರದ ಮಾರ್ಗದಲ್ಲಿರುವ ಅಡ್ಡಿಯೋ, ನಾಚಿಕೆಯೋ?

ಬೆನ್ನಿನ ಸೂಜಿಯ ಚರಿತ್ರೆ ಬೇರೆ ಬಗೆಯದು. ೧೮೯೧ರಲ್ಲಿ ಜರ್ಮನಿಯ ಕೀಲ್ ನಗರದ ಕ್ವಿಂಕೆಯೂ ಲಂಡನ್ನಿನ ವಿಂಟರನೂ ಬೇರೆಬೇರೆಯಾಗಿ ಈ ವಿಧಾನವನ್ನು ಪ್ರಕಟಿಸಿದಾಗ ಇಬ್ಬರ ಮೊದಲ ರೋಗಿಗಳಲ್ಲಿಯೂ ಮಕ್ಕಳಿದ್ದರು. ತಲೆಯೊಳಗಿನ ದ್ರವದ ಒತ್ತಡವನ್ನು ತಗ್ಗಿಸಿ ಪ್ರಾಣ ಉಳಿಸುವುದು ಅವರ ಉದ್ದೇಶವಾಗಿದ್ದಿತು. ಒತ್ತಡವನ್ನು ಕೊಳವೆಯಲ್ಲಿ ಅಳೆಯುವ ಪದ್ಧತಿಯನ್ನು ಕ್ವಿಂಕೆ ಅದಕ್ಕೆ ಸೇರಿಸಿದನು. ಇಂದಿಗೂ ಉಪಕರಣ ಮೂಲತಃ ಹೇಲ್ಸ್‌ನದೇ: ಸೂಜಿಗೆ ಜೋಡಿಸಿದ ನೆಟ್ಟಗಿನ ಕೊಳವೆಯಲ್ಲಿ ದ್ರವ ಎಷ್ಟು ಎತ್ತರಕ್ಕೆ ಏರಿತೋ ಅಷ್ಟೇ ಒತ್ತಡ. ಮಗು ಉಸಿರು ಕಟ್ಟಿ ಅತ್ತಾಗ ಎದೆ ಹೊಟ್ಟೆಗಳ ಅಭಿಧಮನಿಗಳಲ್ಲಿ ಒತ್ತಡ ಏರಿ, ಬೆನ್ನುಹುರಿಯ ಸುತ್ತಣ ಸಿರೆಗಳು ತುಂಬಿ, ದ್ರವವನ್ನು ಮೇಲಕ್ಕೆ ತಳ್ಳುತ್ತವೆ. ಕತ್ತಿನ ಸಿರೆಗಳನ್ನು ಒತ್ತಿದರೆ ದ್ರವ ಏರುವುದೆಂಬ ಸಂಗತಿಯ ಮೇಲೆ ಕ್ವೆಕೆನ್‌ಸ್ಟೆಟ್ ೧೯೧೬ರಲ್ಲಿ ಒಂದು ಪರೀಕ್ಷೆಯನ್ನೇ ಕಟ್ಟಿದನು. ಅದೇ ಕತ್ತನ್ನು ಮಗು ಅಲುಗದಿರಲೆಂದು ಬಗ್ಗಿಸಿ ಒತ್ತಿ ಹಿಡಿದು, ಬಂದ ಅಂಕಿಯನ್ನು ಮಿದುಳಿನದೆಂದು ಬರೆಯುವುದು ಎಷ್ಟು ಸಮಂಜಸ? ಕಾಲು ಚಾಚಿಸಿ, ಉಸಿರು ಶಾಂತವಾಗುವವರೆಗೆ ಕಾದು ಓದಬೇಕೆಂದು ಪಠ್ಯಗಳು ಹೇಳುತ್ತವೆ. ಕಾದರೋ ಇಲ್ಲವೋ ಎಂಬುದನ್ನು ವರದಿಯ ಹಾಳೆ ಹೇಳಬೇಕಷ್ಟೆ.

ವಯಸ್ಕರೂ ಇದರಿಂದ ಹೊರತಲ್ಲ. ಇಟಲಿಯ ಮಾನ್ಚಿಯ ಮತ್ತು ಸಂಗಡಿಗರು ೧೯೮೩ರಲ್ಲಿ ೪೮ ಮಂದಿಯ ಧಮನಿಯೊಳಗೆ ನಳಿಕೆಯಿಟ್ಟು ನಿರಂತರವಾಗಿ ರಕ್ತದ ಒತ್ತಡವನ್ನು ದಾಖಲಿಸುತ್ತಿದ್ದಾಗ, ವೈದ್ಯನು ಹಾಸಿಗೆಯ ಬಳಿಗೆ ಬಂದ ಕೆಲವೇ ನಿಮಿಷಗಳಲ್ಲಿ ಮೇಲಿನ ಒತ್ತಡ ಸರಾಸರಿ ಸುಮಾರು ೨೭ ಮಿಲಿಮೀಟರ್ ಏರಿತು. ತಾನಾಗಿ ಒಪ್ಪಿ ಮಲಗಿದ, ಬಂದವನು ತನಗೆ ಹಿತವನ್ನೇ ಮಾಡುವನೆಂದು ತಿಳಿದ ದೊಡ್ಡವರ ಪಾಡು ಇದು.

ಇಲ್ಲಿ ಒಂದು ಸಮಾಧಾನ ತಟ್ಟನೆ ಹೊಳೆಯಬಹುದು: ಹಾಗಾದರೆ ಮಗುವಿಗೆ ಮಂಪರಿನ ಔಷಧಿ ಕೊಟ್ಟು ಅಳೆದರಾಯಿತಲ್ಲ. ಈ ಸಮಾಧಾನ ಅರ್ಧ ಮಾತ್ರ ಸರಿ. ೨೦೧೦ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯಿಂದ ಏವರಿ ಮತ್ತು ಸಂಗಡಿಗರು ಒಂದರಿಂದ ಹದಿನೆಂಟು ವರ್ಷದ ೧೯೭ ಮಕ್ಕಳ ಬೆನ್ನಿನ ದ್ರವದ ಒತ್ತಡವನ್ನು ಪ್ರಕಟಿಸಿದರು. ನೂರರಲ್ಲಿ ತೊಂಬತ್ತು ಮಕ್ಕಳು ೨೮ ಸೆಂಟಿಮೀಟರಿನೊಳಗೆ ಬಂದರು. ಅದಕ್ಕೆ ಮೊದಲು ಬಹಳ ಕಡೆ ಸಹಜದ ಗಡಿಯನ್ನು ಇಪ್ಪತ್ತರ ಸಮೀಪದಲ್ಲಿ ಗುರುತಿಸುತ್ತಿದ್ದರು. ಅದಕ್ಕಿಂತಲೂ ಮುಖ್ಯವಾದುದು, ಗಾಢ ಮಂಪರಿನಲ್ಲಿದ್ದ ಮಕ್ಕಳಲ್ಲಿ ಒತ್ತಡ ಹೆಚ್ಚಾಗಿ ಕಂಡಿತು. ಮಂಪರಿನಲ್ಲಿ ಉಸಿರಾಟ ಮಂದವಾದರೆ ರಕ್ತದಲ್ಲಿ ಇಂಗಾಲದ ಡಯಾಕ್ಸೈಡ್ ಹೆಚ್ಚಿ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆಂಬುದು ಇದಕ್ಕೆ ಒಪ್ಪುವ ವಿವರಣೆ. ೨೦೧೩ರಲ್ಲಿ, ಗೆಡ್ಡೆ ಮುಂತಾದ ಕಾರಣ ಕಾಣದೆ ತಲೆಯೊಳಗಿನ ಒತ್ತಡ ಏರುವ ರೋಗಕ್ಕೆ ಪರಿಷ್ಕರಿಸಿದ ಲಕ್ಷಣಸೂತ್ರವನ್ನು ಫ್ರೀಡ್‌ಮನ್, ಲ್ಯೂ, ಡೀಗ್ರಿ ಇವರು ಪ್ರಕಟಿಸಿದಾಗ ಮಕ್ಕಳಿಗೆ ೨೮ ಎಂಬ ಗಡಿಯಿಟ್ಟು, ಮಗುವಿಗೆ ಮಂಪರು ಕೊಡದೆ ಇದ್ದು, ಮೈ ಸ್ಥೂಲವಾಗಿಯೂ ಇಲ್ಲದಿದ್ದರೆ ೨೫ ಎಂದು ಸೇರಿಸಿದರು.

ಈ ಸೇರ್ಪಡೆ ನಮಗೆ ಬಹಳ ಬೆಲೆಯುಳ್ಳದ್ದಾಗಿ ತೋರುತ್ತದೆ. ಒಂದು ಶಾಸ್ತ್ರವು ತನ್ನ ಸೂತ್ರದ ಒಳಗೇ, ಸಾಕ್ಷಿಯನ್ನು ಯಾವ ಸ್ಥಿತಿಯಲ್ಲಿ ಇರಿಸಿದ್ದರೆಂದು ಕೇಳಿಕೊಂಡ ಅಪರೂಪದ ಉದಾಹರಣೆ ಇದು. ಆದರೆ ಕೇಳಿದ್ದು ಅರ್ಧಕ್ಕೇ ನಿಂತಿತು. ಮಂಪರಿದ್ದರೆ ಒಂದು ಗಡಿ, ಇಲ್ಲದಿದ್ದರೆ ಇನ್ನೊಂದು. ಮಂಪರಿಲ್ಲದ ಮಗು ತಾಯಿಯ ಕೈ ಹಿಡಿದು ಮಲಗಿತ್ತೋ, ಇಬ್ಬರ ಹಿಡಿತದಲ್ಲಿ ಕಿರುಚುತ್ತಿತ್ತೋ ಎಂಬುದಕ್ಕೆ ಆ ಗಡಿಯಲ್ಲಿ ಸ್ಥಳವಿಲ್ಲ. ೨೫ಕ್ಕೂ ೨೮ಕ್ಕೂ ನಡುವಣ ಮೂರು ಸೆಂಟಿಮೀಟರನ್ನು ಒಂದು ಒಳ್ಳೆಯ ಅಳು ಸುಲಭವಾಗಿ ದಾಟಬಲ್ಲದು.

ಈ ಮಂಪರಿನ ಪ್ರಶ್ನೆ ಇನ್ನೊಂದು ಹಳೆಯ ತಪ್ಪಿನ ಕಡೆಗೆ ನಮ್ಮನ್ನು ಒಯ್ಯುತ್ತದೆ. ಮೌನವಾಗಿರುವ ಮಗು ನೆಮ್ಮದಿಯಾಗಿದೆಯೆಂದು ಎಣಿಸುವ ತಪ್ಪು ಅದು. ೧೯೫೨ರಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ಎರಡು ವರ್ಷದ ಹೆಣ್ಣುಮಗುವೊಂದು ಹರ್ನಿಯ ಶಸ್ತ್ರಕ್ರಿಯೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದುದನ್ನು ಚಲನಚಿತ್ರವಾಗಿ ತೆಗೆದರು. ಆಕರ ವಿಮರ್ಶೆಯ ದೃಷ್ಟಿಯಿಂದ ಆ ಚಿತ್ರ ಮಾದರಿಯಾದುದು. ತಮಗೆ ಬೇಕಾದ ಮಗುವನ್ನು ಆರಿಸಿಕೊಂಡರೆಂಬ ಆಕ್ಷೇಪ ಬಾರದಂತೆ ಮಗುವನ್ನು ಪಟ್ಟಿಯಿಂದ ಯಾದೃಚ್ಛಿಕವಾಗಿ ತೆಗೆದುಕೊಂಡರು. ಬೇಕಾದ ಕ್ಷಣಗಳನ್ನು ಹೆಕ್ಕಿದರೆಂಬ ಆಕ್ಷೇಪ ಬಾರದಂತೆ ನಿಗದಿಯಾದ ವೇಳೆಯಲ್ಲಿ, ಗೋಡೆಯ ಗಡಿಯಾರ ಕಾಣುವಂತೆ, ಚಿತ್ರಿಸಿದರು. ಆರಿಸಿ ಬಂದ ಮಗುವೋ ವಯಸ್ಸಿಗೆ ಮೀರಿದ ಸಂಯಮವುಳ್ಳದ್ದು. ಅದು ಅತ್ತುದೇ ಕಡಿಮೆ. ಆ ವರ್ಷದ ನವೆಂಬರಿನಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಚಿತ್ರವನ್ನು ತೋರಿಸಿದಾಗ ನೆರೆದಿದ್ದ ವೈದ್ಯರಲ್ಲಿ ಅನೇಕರು ಸಿಟ್ಟಾದರು. ಅಳದ ಮಗುವಿನ ಮುಖವನ್ನು ಓದುವ ಅಭ್ಯಾಸ ಅವರಿಗೆ ಇರಲಿಲ್ಲವೆಂದೇ ಹೇಳಬೇಕು. ವಾರ್ಡುಗಳಲ್ಲಿ ಎರಡು ದಿನ ಅತ್ತು ಆಮೇಲೆ ಸುಮ್ಮನಾಗುವ ಮಕ್ಕಳನ್ನು ಹೊಂದಿಕೊಂಡರೆಂದು ಕರೆಯುವುದು ವಾಡಿಕೆಯಾಗಿದ್ದಿತು. ಅದು ಹೊಂದಾಣಿಕೆಯಲ್ಲ, ನಿರಾಶೆ ಎಂಬುದು ರಾಬರ್ಟ್‌ಸನ್ನರ ವಾದ. ೧೯೫೯ರ ಪ್ಲಾಟ್ ಸಮಿತಿಯ ವರದಿ ತಾಯಿತಂದೆಗಳ ಭೇಟಿಗೆ ನಿರ್ಬಂಧವಿರಬಾರದೆಂದೂ ಎಳೆಯ ಮಕ್ಕಳೊಡನೆ ತಾಯಿ ಉಳಿಯಲು ಅವಕಾಶವಿರಬೇಕೆಂದೂ ಶಿಫಾರಸು ಮಾಡಿತು. ವರದಿ ಉದಾತ್ತವಾದುದು. ಆದರೆ ತಾಯಿಯನ್ನು ಹಾಸಿಗೆಯ ಬಳಿಗೆ ತರುವುದು ಒಂದು, ಸೂಜಿಯ ಬಳಿಗೆ ತರುವುದು ಇನ್ನೊಂದು.

ಅತ್ಯಂತ ಕಠೋರವಾದ ಮೌನ ಬೇರೊಂದು ಕಡೆ ಇದ್ದಿತು. ೧೯೮೦ರ ದಶಕದವರೆಗೂ ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ಔಷಧಿಯೊಡನೆ ತೀರ ಲಘುವಾದ ಅರಿವಳಿಕೆಯನ್ನು ಮಾತ್ರ ಕೊಟ್ಟು ಶಸ್ತ್ರಕ್ರಿಯೆ ಮಾಡುವುದು ಅಪರೂಪವಾಗಿರಲಿಲ್ಲ. ಅಂಥ ಕೂಸು ಅಳಲಾರದು, ಕೈಕಾಲು ಆಡಿಸಲಾರದು. ಇಂದೋರಿನಲ್ಲಿ ವೈದ್ಯವಿದ್ಯೆ ಕಲಿತು ಆಕ್ಸ್‌ಫರ್ಡಿಗೆ ಹೋದ ಕೆ. ಜೆ. ಎಸ್. ಆನಂದ್ ಮತ್ತು ಸಂಗಡಿಗರು ೧೯೮೭ರಲ್ಲಿ, ನೋವುನಿವಾರಕ ಫೆಂಟನಿಲ್ ಕೊಟ್ಟ ಕೂಸುಗಳನ್ನೂ ಕೊಡದ ಕೂಸುಗಳನ್ನೂ ಹೋಲಿಸಿ ನೋಡಿದರು. ಕೊಡದಿದ್ದವುಗಳ ರಕ್ತದಲ್ಲಿ ಆಘಾತದ ಹಾರ್ಮೋನುಗಳು ಬಹಳ ಏರಿದ್ದವು. ಶಸ್ತ್ರಕ್ರಿಯೆಯ ಅನಂತರದ ತೊಡಕುಗಳೂ ಅವುಗಳಲ್ಲಿ ಹೆಚ್ಚು. ಬಾಯಿ ಕಟ್ಟಿದ ಸಾಕ್ಷಿಯ ಪರವಾಗಿ ರಕ್ತ ಮಾತನಾಡಿತು. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳೆಂಬ ನಮ್ಮ ಗಾದೆಯನ್ನು ಈ ಕೂಸುಗಳ ಸಂದರ್ಭದಲ್ಲಿ ನೆನೆಯುವುದು ಕಷ್ಟ.

ಸಂಕಟವನ್ನು ತಗ್ಗಿಸುವ ಉಪಾಯಗಳು ಈಗ ಇಲ್ಲದೆ ಇಲ್ಲ. ಲಿಡೊಕೇನ್ ಪ್ರಿಲೊಕೇನ್‌ಗಳ ಮುಲಾಮನ್ನು ಹಚ್ಚಿ ಸುಮಾರು ಒಂದು ಗಂಟೆ ಬಿಟ್ಟರೆ ಚರ್ಮ ಮರಗಟ್ಟುತ್ತದೆ. ಎಳೆಗೂಸಿನ ನಾಲಗೆಗೆ ಸಕ್ಕರೆ ನೀರು ಹಾಕಿದರೆ ಸೂಜಿಯ ಅಳು ಕಡಿಮೆಯಾಗುತ್ತದೆ. ಮೆಲಮೆಡ್ ಮತ್ತು ಸೀಗೆಲ್ ೧೯೭೫ರಲ್ಲಿ, ಶಸ್ತ್ರಕ್ರಿಯೆಗೆ ಬಂದ ಮಕ್ಕಳಿಗೆ ತಮ್ಮಂತೆಯೇ ಆಸ್ಪತ್ರೆಗೆ ಬಂದ ಹುಡುಗನೊಬ್ಬನ ಚಿತ್ರವನ್ನು ಮುಂಚಿತವಾಗಿ ತೋರಿಸಿ ಅವರ ಆತಂಕ ತಗ್ಗುವುದನ್ನು ಕಂಡರು. ೨೦೦೫ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಮೂತ್ರಕೋಶಕ್ಕೆ ನಳಿಕೆ ಹಾಕಿ ಎಕ್ಸ್‌ರೇ ತೆಗೆಯುವ ಪರೀಕ್ಷೆಯಲ್ಲಿ ಹಿಂದೊಮ್ಮೆ ಬಹಳ ನೊಂದಿದ್ದ ೪೪ ಮಕ್ಕಳಲ್ಲಿ ಕೆಲವರಿಗೆ, ಕಲ್ಪನೆಯಲ್ಲಿ ಬೇರೊಂದು ಕಡೆ ಇರುವಂತೆ ಮಾಡುವ ಸಂಮೋಹನದ ಅಭ್ಯಾಸವನ್ನು ಬಟ್ಲರ್ ಮತ್ತು ಸಂಗಡಿಗರು ಮೊದಲೇ ಕಲಿಸಿದರು. ಆ ಮಕ್ಕಳ ಸಂಕಟ ಕಡಿಮೆಯಾಯಿತಷ್ಟೇ ಅಲ್ಲ, ಪರೀಕ್ಷೆಯೂ ಬೇಗ ಮುಗಿಯಿತು. ವೇಳೆಯಿಲ್ಲವೆಂದು ಇಂಥ ಉಪಾಯಗಳನ್ನು ತಳ್ಳಿಹಾಕುವವರು ಈ ಕೊನೆಯ ಫಲಿತಾಂಶವನ್ನು ಗಮನಿಸಬೇಕು.

ಆದರೂ ಈ ಸಾಹಿತ್ಯದ ಮೇಲೆ ನಮ್ಮದೊಂದು ದೂರು ಇದೆ. ಅದು ಮಗು ಎಷ್ಟು ಅತ್ತಿತು, ಎಷ್ಟು ಸಹಕರಿಸಿತು ಎಂದು ಎಣಿಸುತ್ತದೆ. ಸಹಕಾರವೆಂಬ ಮಾತೇ ನಮಗೆ ಸಂದೇಹಾಸ್ಪದ. ಆಳರಸರ ದಫ್ತರಗಳಲ್ಲಿ ಪ್ರಜೆಗಳ ಸಹಕಾರವೆಂದು ಬರೆದಿರುವುದನ್ನು ಓದಿದವರಿಗೆ ಅದರ ಅರ್ಥ ಗೊತ್ತು. ಒತ್ತಡವನ್ನೇ ಅಳೆಯುವ ಪರೀಕ್ಷೆಯಲ್ಲಿ, ನೆಮ್ಮದಿಯಿಂದಿದ್ದ ಮಗುವಿನ ಅಂಕಿಗೂ ಹೆದರಿದ್ದ ಮಗುವಿನ ಅಂಕಿಗೂ ಎಷ್ಟು ಅಂತರ ಎಂಬುದು ಮುಖ್ಯ ಪ್ರಶ್ನೆಯಾಗಬೇಕಾಗಿತ್ತು. ಅದನ್ನು ಕೇಳಿದೊಡನೆ ಮುಲಾಮು, ತಾಯಿಯ ಮಡಿಲು, ಮುಂಚಿತವಾಗಿ ತಿಳಿಹೇಳುವುದು ಇವು ಉಪಚಾರದ ಪಟ್ಟಿಯಿಂದ ಹೊರಬಂದು ಉಪಕರಣದ ಭಾಗಗಳಾಗುತ್ತವೆ, ಪಾದರಸವನ್ನು ಸೊನ್ನೆಗೆ ಹೊಂದಿಸುವಷ್ಟೇ ಅಗತ್ಯವಾಗುತ್ತವೆ. ನಳಿಕೆಯನ್ನು ಹಾಕದೆಯೇ ಉತ್ತರ ಸಿಗುವಂತಿದ್ದರೆ ಹಾಕದಿರುವುದು ಎಲ್ಲಕ್ಕಿಂತ ಮೇಲೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ನಮ್ಮ ಅಕ್ಕನ ಮಗಳಿಗೆ ಔಷಧಿ ಆರಂಭವಾಗಿ ಐದು ತಿಂಗಳಾದ ಮೇಲೆ ಇನ್ನೊಂದು ಊರಿನಲ್ಲಿ ಮತ್ತೆ ಪರೀಕ್ಷೆ ನಡೆಯಿತು. ಅಲ್ಲಿನ ವೈದ್ಯೆ ಸೂಜಿಯನ್ನೂ ಕೊಳವೆಯನ್ನೂ ಅವಳ ಕೈಗೇ ಕೊಟ್ಟು ತೋರಿಸಿದರು. ಮುಲಾಮು ಹಚ್ಚಿ ಒಂದು ಗಂಟೆ ಕಾದರು. ಅಕ್ಕ ಮಗುವಿನ ಮುಖದ ಬಳಿ ಕುಳಿತಳು. ವರದಿಯಲ್ಲಿ ೨೨ ಸೆಂಟಿಮೀಟರ್ ಎಂದು ಬರೆದು, ಅದರ ಕೆಳಗೆ, ಮಗು ಎಚ್ಚರವಾಗಿತ್ತು, ಅಳಲಿಲ್ಲ, ಕಾಲು ಚಾಚಿತ್ತು, ತಾಯಿ ಜೊತೆಯಲ್ಲಿದ್ದರು ಎಂದು ಸೇರಿಸಿದ್ದರು. ೩೧ಕ್ಕೂ ೨೨ಕ್ಕೂ ನಡುವಣ ಒಂಬತ್ತರಲ್ಲಿ ಔಷಧಿಯ ಪಾಲೆಷ್ಟು, ಅಳುವಿನ ಪಾಲೆಷ್ಟು ಎಂದು ಅಕ್ಕ ಕೇಳಿದಳು. ವೈದ್ಯೆ ಮೊದಲಿನ ವರದಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.